ಕಾಲುದಾರಿಯ ಉಳಿದ ಮುಕ್ಕಾಲು

ಕಾಲುದಾರಿ ಇಲಾಖೆ
ನಿರ್ದೇಶಕರ ಕಚೇರಿ, ಎರಡನೆಯ ಮಹಡಿ (ಲಿಫ್ಟ್ ಸೌಲಭ್ಯವಿದೆ)

ಸಂಖ್ಯೆ: ಕಾದಾಇ/ನಡೆ/ಮುಕ್ಕಾಲು/ಭಾಗ ೧ (ಭಾಗ ೨ ಸಿಕ್ಕಿಲ್ಲ)
ದಿನಾಂಕ: ಸೋಮವಾರ, ಕಚೇರಿ ತೆರೆದ ಕೂಡಲೇ

ಸುತ್ತೋಲೆ

ವಿಷಯ: ದೇಶದ ಈ ಅಂಚಿನಿಂದ ಆ ಅಂಚಿನವರೆಗೆ ಕಾಲುದಾರಿಯಲ್ಲಿ ಹಲವು ದಿನ ನಡೆದು ಹೋಗಲು ಯೋಜನೆ ಹಾಕುವವರು, ಹಾಕಿ ಆದವರು ಹಾಗೂ ಯಾರು ಏನೆಂದರೂ ಹೋಗಿಯೇ ತೀರುತ್ತೇನೆ ಎನ್ನುವವರು ಪಾಲಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ:
೧. ನಕ್ಷೆ ಕೌಂಟರಿನಲ್ಲಿ ಕಳೆದ ವಾರ ಮಹಿಳೆಯೊಬ್ಬರು ಸಲ್ಲಿಸಿದ ಮೌಖಿಕ ಕೋರಿಕೆ.
೨. ಲೆಕ್ಕಪತ್ರ ಶಾಖೆಯ ಹಳೆಯ ಟಿಪ್ಪಣಿ: 'ಕಾಲು ಎಂದರೆ ಎಷ್ಟು?'
೩. ಸದರಿ ಮಹಿಳೆಯು ಭಾನುವಾರ ಸಂಜೆ ಅಡುಗೆಮನೆಯಿಂದ ಹೊರಡಿಸಿದ ಅಂತಿಮ ನೆನಪೋಲೆ.

ಪ್ರಸ್ತಾವನೆ

ನಮ್ಮ ದೇಶ ಸಣ್ಣದು ಎಂಬ ಸಂಗತಿ ಇಲಾಖೆಯ ಗಮನಕ್ಕೆ ಬಂದಿದೆ. ಭೂಪಟದಲ್ಲಿ ಅದರ ಹೆಸರು ಅದರೊಳಗೆ ಹಿಡಿಸದ ಕಾರಣ ನೆರೆಯ ದೇಶದ ಜಾಗದಲ್ಲಿ, ಅವರ ಅನುಮತಿ ಪಡೆದು, ಬರೆದು, ಬಾಣದ ಗುರುತಿನಿಂದ ನಮ್ಮ ಕಡೆ ತೋರಿಸಲಾಗಿದೆ. ಇಂಥ ದೇಶವನ್ನು ನಡೆದೇ ದಾಟಿಬಿಡಬಹುದು ಎಂಬ ಅಭಿಪ್ರಾಯ ಇತ್ತೀಚೆಗೆ ಹಬ್ಬುತ್ತಿದೆ. ಹಬ್ಬಿಸುತ್ತಿರುವವರು ಒಬ್ಬರೇ ಎಂದೂ, ಅವರು ಸರ್ಕಾರಿ ಆಸ್ಪತ್ರೆಯ ಹಿರಿಯ ನರ್ಸ್ ಎಂದೂ, ಈ ಸುತ್ತೋಲೆಗೆ ಕೊನೆಯಲ್ಲಿ ಸಹಿ ಮಾಡಲಿರುವ ನಿರ್ದೇಶಕರ (ಇನ್ನು ಮುಂದೆ 'ಕೆಳಸಹಿದಾರರು') ಧರ್ಮಪತ್ನಿ ಎಂದೂ ವಿಚಾರಣೆಯಿಂದ ತಿಳಿದುಬಂದಿದೆ. ವಿಚಾರಣೆಯನ್ನು ಕೆಳಸಹಿದಾರರೇ ಖುದ್ದಾಗಿ ಮನೆಯಲ್ಲಿ ನಡೆಸಿದ್ದು, ಅದರಲ್ಲಿ ಹೆಚ್ಚಿನ ಪ್ರಶ್ನೆಗಳನ್ನು ಕೆಳಸಹಿದಾರರಿಗೇ ಕೇಳಲಾಯಿತು.

ಸದರಿ ಮಹಿಳೆಯು ಪತಿಗೆ ಹೇಳಿ ತರಿಸಿಕೊಳ್ಳುವ ಸೌಲಭ್ಯವಿದ್ದಾಗ್ಯೂ ಸಾರ್ವಜನಿಕರ ಸಾಲಿನಲ್ಲಿ ನಿಂತು, 'ಈ ಕಡೆ ಗಡಿಯಿಂದ ಆ ಕಡೆ ಗಡೀವರೆಗೂ ಹೋಗೋ ಕಾಲುದಾರಿ ನಕ್ಷೆ ಒಂದು ಕೊಡಿ' ಎಂದು ಕೇಳಿದರು. ಇಲಾಖೆಯ ಇತಿಹಾಸದಲ್ಲಿ ಕಾಲುದಾರಿಯ ಬಗ್ಗೆ ಯಾರಾದರೂ ವಿಚಾರಿಸಿದ್ದು ಇದೇ ಮೊದಲು. ನಕ್ಷೆ ಗುಮಾಸ್ತರು ಗಾಬರಿಯಿಂದ ಕಪಾಟು ಹುಡುಕಿ, ಕೊನೆಗೆ ತಮ್ಮ ಊಟದ ಡಬ್ಬಿಯ ಕೆಳಗೆ ಹಾಸಿದ್ದ ಹಾಳೆಯನ್ನೇ ಎತ್ತಿ, ಒರೆಸಿ ಕೊಟ್ಟರು. ಅದರಲ್ಲಿ ದಾರಿಯು ಈ ಕಡೆಯ ಗಡಿಗೆ ಅಂಟಿಕೊಂಡಿರುವ ನಮ್ಮ ಕಚೇರಿಯ ಹಿಂದಿನ ಸೈಕಲ್ ಸ್ಟ್ಯಾಂಡಿನ ಪಕ್ಕದ ಗೇಟಿನಿಂದ ಹೊರಟು, ಒಂದು ಹಳ್ಳ ದಾಟಿ, ಇಟ್ಟಿಗೆ ಗೂಡಿನ ಹತ್ತಿರ ಹಠಾತ್ತನೆ ನಿಂತಿತ್ತು. 'ಮುಂದೆ?' ಎಂದು ಅವರು ಕೇಳಿದರು. ಗುಮಾಸ್ತರು, 'ಮುಂದೆ ಊಟದ ಕಲೆ ಅಮ್ಮ, ಕಾಣಲ್ಲ' ಎಂದರು. ಕಲೆಯನ್ನು ಅಳಿಸಿ ನೋಡಲಾಗಿ ಅಲ್ಲಿ ದಾರಿ ಇರಲಿಲ್ಲ.

ಇದರ ಕಾರಣವನ್ನು ಪತ್ತೆಹಚ್ಚಲಾಗಿದೆ. ಇಲಾಖೆ ಹುಟ್ಟಿದಾಗ 'ಗಡಿಯಿಂದ ಗಡಿಗೆ ಕಾಲು ದಾರಿ ನಿರ್ಮಿಸುವುದು' ಎಂದು ಆದೇಶವಾಗಿತ್ತು. ಬೆರಳಚ್ಚಿನಲ್ಲಿ ಕಾಲು ಒಂದು ಕಡೆ, ದಾರಿ ಒಂದು ಕಡೆ ಬಿದ್ದ ಕಾರಣ ಲೆಕ್ಕಪತ್ರ ಶಾಖೆಯು ಅದನ್ನು ಭಿನ್ನರಾಶಿಯೆಂದು ತಿಳಿದು, ಒಟ್ಟು ದೂರದ ಕಾಲು ಭಾಗಕ್ಕೆ ಮಾತ್ರ ಮಂಜೂರಾತಿ ನೀಡಿತು. ಅಷ್ಟು ದಾರಿ ಸವರಿ, ಅಲ್ಲಿ 'ದಾರಿ ಮುಗಿಯಿತು' ಎಂಬ ಫಲಕ ನೆಟ್ಟು, ಉದ್ಘಾಟನೆ ಮಾಡಿ, ಎಲ್ಲರೂ ಜೀಪಿನಲ್ಲಿ ಹಿಂದಿರುಗಿದರು. ಅಂದಿನಿಂದ ಯಾವ ಅಧಿಕಾರಿಯೂ ಆ ಕಡೆ ಕಾಲು ಹಾಕಿಲ್ಲವಾದ್ದರಿಂದ ತಪ್ಪು ಬೆಳಕಿಗೆ ಬರಲಿಲ್ಲ. ಉಳಿದ ಮುಕ್ಕಾಲು ಭಾಗವು ಕುರಿ ಕಾಯುವವರು, ಸೌದೆ ಹೊರುವವರು ಮತ್ತು ಆಡುಗಳಿಂದ, ಯಾವುದೇ ಮಂಜೂರಾತಿ ಇಲ್ಲದೆ, ತಾನಾಗಿಯೇ ನಡೆದುಕೊಂಡು ಬಂದಿದೆ. ಈ ಬಗ್ಗೆ ಲೆಕ್ಕಾಧಿಕಾರಿಗಳನ್ನು ಕೇಳಲಾಗಿ, 'ಕಾಲು ಅಂದ್ರೆ ಕಾಲೇ ಸಾರ್. ಅರ್ಧ ಕೊಡೋಕೆ ನಾನ್ಯಾರು?' ಎಂದು ಉತ್ತರಿಸಿರುತ್ತಾರೆ.

ಈ ಎಲ್ಲ ಅಂಶಗಳನ್ನು ಕೂತಲ್ಲಿಂದಲೇ ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

೧. ಅನುಮತಿ: ದೇಶ ದಾಟಿ ನಡೆಯಲಿಚ್ಛಿಸುವವರು ಇಲಾಖೆಯ ಪೂರ್ವಾನುಮತಿ ಪಡೆಯತಕ್ಕದ್ದು. ಅನುಮತಿ ಕೇಳಲು ಕಚೇರಿಗೆ ನಡೆದು ಬರತಕ್ಕದ್ದಲ್ಲ. ಹಾಗೆ ಬಂದಲ್ಲಿ ಅನುಮತಿಗೆ ಮೊದಲೇ ನಡೆದಂತಾಗಿ ಅರ್ಜಿ ತಿರಸ್ಕೃತವಾಗುತ್ತದೆ.

೨. ದಾರಿ ತಪ್ಪುವುದು: ಫಲಕದವರೆಗೆ ನಡೆಯುವವರನ್ನು ಪಾದಚಾರಿಗಳೆಂದೂ, ಫಲಕ ದಾಟಿದವರನ್ನು ಇಲ್ಲದ ದಾರಿಯಲ್ಲಿ ಇರುವವರೆಂದೂ ಪರಿಗಣಿಸಲಾಗುವುದು. ಇಲ್ಲದ ದಾರಿಯನ್ನು ತಪ್ಪಲು ಬರುವುದಿಲ್ಲವಾದ್ದರಿಂದ ಆ ಭಾಗದಲ್ಲಿ ದಾರಿ ತಪ್ಪಿದ ಬಗ್ಗೆ ದೂರುಗಳನ್ನು ಸ್ವೀಕರಿಸುವುದಿಲ್ಲ. ಅಡ್ಡದಾರಿ ಹಿಡಿದವರ ಮೇಲೆ ಎಂದಿನಂತೆ ಶಿಸ್ತುಕ್ರಮ ಜರುಗಿಸಲಾಗುವುದು.

೩. 'ಮುಕ್ಕಾಲು' ಪದದ ವ್ಯಾಖ್ಯಾನ: ಕಾನೂನು ಶಾಖೆಯು ಈ ಪದವನ್ನು ಬಿಡಿಸಿ ನೋಡಿ, ಮೂರು ಕಾಲು ಎಂದು ಅರ್ಥೈಸಿದೆ. ಆದಕಾರಣ ಮುಕ್ಕಾಲು ಭಾಗದಲ್ಲಿ ನಡೆಯುವವರು ಒಂದು ಊರುಗೋಲು ಹೊಂದಿರತಕ್ಕದ್ದು. ಎರಡು ಕೋಲು ಹಿಡಿದವರು ನಾಲ್ಕು ಕಾಲಿನವರಾಗಿ ಪಶುಸಂಗೋಪನಾ ಇಲಾಖೆಯ ವ್ಯಾಪ್ತಿಗೆ ಒಳಪಡುತ್ತಾರೆ. ಅಂಥವರು ಲಸಿಕೆ ಹಾಕಿಸಿಕೊಂಡ ದಾಖಲೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು.

೪. ವೇಗ: ದೇಶವು ಬೇಗ ಮುಗಿದುಹೋದಲ್ಲಿ ಅದರ ಘನತೆಗೆ ಕುಂದು ಬರುವ ಸಂಭವವಿರುವುದರಿಂದ, ಎಲ್ಲರೂ ನಿಧಾನವಾಗಿ ನಡೆಯತಕ್ಕದ್ದು. ಗಡಿಯ ಸಮೀಪ ದಾಪುಗಾಲು ಹಾಕುವುದನ್ನು ನಿಷೇಧಿಸಲಾಗಿದೆ. ಒಂದು ಕಾಲು ಸ್ವದೇಶದಲ್ಲೂ ಇನ್ನೊಂದು ಕಾಲು ವಿದೇಶದಲ್ಲೂ ಇದ್ದಾಗ ಯಾವ ಬೂಟಿಗೆ ಸುಂಕ ವಿಧಿಸಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ನಡಿಗೆ ಎಷ್ಟು ದಿನದ್ದು ಎಂದು ಸದರಿ ಮಹಿಳೆಯನ್ನು ಕೇಳಲಾಗಿ, 'ಎಷ್ಟು ದಿನ ಆಗುತ್ತೋ ಅಷ್ಟು ದಿನ' ಎಂದಿದ್ದು, ಅಂಥ ಅವಧಿ ರಜಾ ನಿಯಮಗಳಲ್ಲಿ ಕಂಡುಬಂದಿಲ್ಲ.

೫. ಬೆಟ್ಟಗಳು: ದೂರದ ಬೆಟ್ಟಗಳು ನುಣ್ಣಗೆ ಇರುವುದರಿಂದ ಅವುಗಳ ದುರಸ್ತಿಗೆ ಅನುದಾನ ಒದಗಿಸಿಲ್ಲ. ಹತ್ತಿರ ಹೋದಾಗ ನುಣ್ಣಗಿಲ್ಲವೆಂದು ಯಾರಿಗಾದರೂ ಕಂಡುಬಂದಲ್ಲಿ, ಪುನಃ ದೂರ ಹೋಗಿ ನೋಡತಕ್ಕದ್ದು.

೬. ಹೊರೆ: ಒಬ್ಬರು ಒಯ್ಯಬಹುದಾದ ಸಾಮಾನು: ಮಳೆಯಂಗಿ, ನೀರಿನ ಬಾಟಲಿ, ಟಾರ್ಚು, ಒಣ ಕಾಲುಚೀಲ, ಗಾಯಕ್ಕೆ ಸುತ್ತುವ ಪಟ್ಟಿ, ಸೂಜಿ, ದಾರ. ಇದು ಸದರಿ ಮಹಿಳೆಯು ಮಂಚದ ಮೇಲೆ ಹರಡಿಟ್ಟದ್ದು. ಕೆಳಸಹಿದಾರರು ಅದರ ಪಕ್ಕದಲ್ಲಿ ತಮ್ಮ ಕಡೆಯಿಂದ ಎರಡು ದಿಂಬು, ಇಸ್ತ್ರಿ ಪೆಟ್ಟಿಗೆ, ಮಡಚುವ ಕುರ್ಚಿ, ಇಲಾಖೆಯ ಮೊಹರು ಮತ್ತು ಶಾಯಿಯ ಪ್ಯಾಡು ಇಟ್ಟರು. 'ರೀ, ನಾವು ಹೊರಟಿರೋದು ನಡೆಯೋಕೆ. ನಿಮಗೇನು ವರ್ಗಾವಣೆ ಆಗಿಲ್ಲ' ಎಂಬ ಆಕ್ಷೇಪಣೆ ಬಂದಿದ್ದು, ಚರ್ಚೆಯ ನಂತರ ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಹಿಂಪಡೆಯಲಾಗಿದೆ. ಮೊಹರು ಎಲ್ಲ ನಡಿಗೆದಾರರಿಗೂ ಕಡ್ಡಾಯ. ಪ್ರತಿ ಬೆಟ್ಟದ ತುದಿಯಲ್ಲಿ 'ಪರಿಶೀಲಿಸಲಾಗಿದೆ' ಎಂದು ಒತ್ತತಕ್ಕದ್ದು. ತುದಿಯಲ್ಲಿ ಮೋಡವಿದ್ದಲ್ಲಿ ಅದು ಸರಿಯುವವರೆಗೆ ಕಾಯುವುದು, ಮೋಡದ ಮೇಲೆ ಒತ್ತುವಂತಿಲ್ಲ.

೭. ಪಾದ ಮತ್ತು ಬೂಟು: ದೂರದ ಊರಿಗೆ ಪಾದ ಬೆಳೆಸುವವರು, ಬೆಳೆಸುವ ಮೊದಲಿನ ಹಾಗೂ ಬೆಳೆಸಿದ ನಂತರದ ಅಳತೆಗಳನ್ನು ಒದಗಿಸತಕ್ಕದ್ದು. ಬೆಳೆದ ಪಾದಕ್ಕೆ ಹೊಸ ಬೂಟು ನೀಡಲು ಅವಕಾಶವಿಲ್ಲ. ಬೂಟು ಕಚ್ಚಿದಲ್ಲಿ ಯಾವ ಕಾಲಿನ ಬೂಟು ಮೊದಲು ಕಚ್ಚಿತೆಂದು ತಿಳಿಸುವುದು. ಕಾಲಿನಲ್ಲಿ ಬೊಬ್ಬೆ ಎದ್ದವರು ಬೊಬ್ಬೆ ಹಾಕತಕ್ಕದ್ದಲ್ಲ. ಒಬ್ಬರಿಗೆ ಒಂದು ಸಲಕ್ಕೆ ಎರಡರಲ್ಲಿ ಒಂದು ಬೊಬ್ಬೆಯನ್ನು ಮಾತ್ರ ಮಂಜೂರು ಮಾಡಲಾಗುವುದು.

೮. ತಂಗುವುದು: ದಾರಿಯುದ್ದಕ್ಕೂ ಇರುವ ತಂಗುಮನೆಗಳ ಹಾಸಿಗೆಗಳು ಬೇರೆ ಬೇರೆ ಉದ್ದದವು. ಹಾಸಿಗೆ ಇದ್ದಷ್ಟೇ ಕಾಲು ಚಾಚತಕ್ಕದ್ದು. ಹೆಚ್ಚಾದ ಕಾಲನ್ನು ಮಡಚಿಟ್ಟು ಮರುದಿನದ ಲೆಕ್ಕಕ್ಕೆ ಮುಂದುವರಿಸಬಹುದು.

೯. ಹವಾಮಾನ: ದೇಶಕ್ಕೆ ಒಂದೇ ಮೋಡ ಸಾಕಾಗುವುದರಿಂದ, ಅದು ಯಾರ ತಲೆಯ ಮೇಲಿದೆಯೋ ಅವರು ಉಳಿದವರಿಗೆ ಕೂಗಿ ಹೇಳುವುದು.

೧೦. ನಾಯಿಗಳು: ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ನಿಯಮ ಇಂದಿಗೂ ಜಾರಿಯಲ್ಲಿದೆ. ಆದರೆ ಅದರ ಪ್ರತಿಯನ್ನು ನಾಯಿಗಳಿಗೆ ತಲುಪಿಸಲು ಈವರೆಗೆ ಸಾಧ್ಯವಾಗಿಲ್ಲ. ನಾಯಿ ಎದುರಾದಾಗ ನಡಿಗೆದಾರರು ಮೊದಲು ಅದು ಬೊಗಳುವವರೆಗೆ ಕಾದು, ಬೊಗಳಿದ್ದನ್ನು ಖಚಿತಪಡಿಸಿಕೊಂಡು, ನಂತರ ಮುಂದುವರಿಯತಕ್ಕದ್ದು. ಕಾಲಿಗೆ ಬುದ್ಧಿ ಹೇಳುವ ಅಧಿಕಾರವು ಶಾಖಾಧಿಕಾರಿ ಮತ್ತು ಮೇಲ್ಪಟ್ಟ ದರ್ಜೆಯವರಿಗೆ ಮಾತ್ರ ಇದೆ. ಉಳಿದ ಸಿಬ್ಬಂದಿ ತಮ್ಮ ಕಾಲುಗಳನ್ನು ಲಿಖಿತವಾಗಿ ಎಚ್ಚರಿಸಬಹುದು.

೧೧. ಕಾಲಿಗೆ ಚಕ್ರ ಕಟ್ಟಿಕೊಂಡವರು: ಇಂಥವರು ಪಾದಚಾರಿಗಳಲ್ಲ, ವಾಹನಗಳು. ಸಾರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡು, ಬೆನ್ನ ಹಿಂದೆ ಸಂಖ್ಯೆ ಬರೆಸಿಕೊಳ್ಳತಕ್ಕದ್ದು.

೧೨. ಗಂಡ ಹೆಂಡತಿ ಒಟ್ಟಿಗೆ ನಡೆಯುವ ಸಂದರ್ಭ: ಯಾರು ಮುಂದೆ ನಡೆಯಬೇಕು ಎಂಬುದರ ಬಗ್ಗೆ ಸ್ಪಷ್ಟ ನಿರ್ದೇಶನವಿಲ್ಲ. ಹುದ್ದೆಯ ಹಿರಿತನದ ಪ್ರಕಾರ ಕೆಳಸಹಿದಾರರು ಮುಂದೆ ಇರಬೇಕಾಗುತ್ತದೆ. ಈ ವಿಷಯವನ್ನು ಇತ್ಯರ್ಥಪಡಿಸಲು ಮನೆಯಿಂದ ಹಾಲಿನ ಅಂಗಡಿಯವರೆಗೆ ಪ್ರಾಯೋಗಿಕ ನಡಿಗೆ ನಡೆಸಲಾಯಿತು. ಕೆಳಸಹಿದಾರರು ಅರ್ಧ ದಾರಿಯಲ್ಲಿರುವಾಗ, ಹಾಲು ತೆಗೆದುಕೊಂಡು ಎದುರಿನಿಂದ ವಾಪಸು ಬರುತ್ತಿದ್ದ ಪತ್ನಿಯನ್ನು ಭೇಟಿಯಾದರು. ಇದನ್ನು ಮಹಡಿಯ ಮೇಲಿನಿಂದ ನೋಡಿದ ಕೆಳಸಹಿದಾರರ ಮಾವನವರು, 'ಅಳಿಯಂದಿರ ಕಾಲು ಮೇಜಿನ ಕೆಳಗಿದ್ರೇನೇ ಚೆನ್ನ' ಎಂದು ಅಭಿಪ್ರಾಯಪಟ್ಟಿರುತ್ತಾರೆ. ಮಾವನವರ ಅಭಿಪ್ರಾಯ ಸಲಹಾತ್ಮಕವೇ ಹೊರತು ಬಂಧನಕಾರಿಯಲ್ಲ.

ನಡಿಗೆಯ ಉದ್ದೇಶವೇನೆಂದು ಸದರಿ ಮಹಿಳೆಯನ್ನು ಕೇಳಲಾಗಿ, ಅವರು ಪಾತ್ರೆ ತೊಳೆಯುತ್ತ ನೀಡಿದ ಹೇಳಿಕೆಯನ್ನು ಇದ್ದಂತೆಯೇ ಇಲ್ಲಿ ದಾಖಲಿಸಲಾಗಿದೆ: 'ವಾರ್ಡಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಹಾಗೆ ನೋಡಿದ್ರೆ ಈ ದೇಶಾನ ಎಷ್ಟು ಸಲ ದಾಟಿದೀನೋ ಏನೋ. ಎಲ್ಲೂ ಹೋಗಿಲ್ಲ ಅಷ್ಟೆ. ಒಂದೇ ಒಂದು ಸಲ ನೇರವಾಗಿ ಹೋಗ್ಬೇಕು ರೀ. ಹಿಂದಿನಿಂದ ಯಾರೂ ಗಂಟೆ ಒತ್ತಿ ಕರೀಬಾರ್ದು.' ಕೆಳಸಹಿದಾರರು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು.

೧೩. ಕೆಳಸಹಿದಾರರ ರಜೆ: ಕೆಳಸಹಿದಾರರು ಸದರಿ ನಡಿಗೆಯಲ್ಲಿ ಭಾಗವಹಿಸಲು ರಜೆ ಕೋರಿ ತಮಗೇ ಅರ್ಜಿ ಸಲ್ಲಿಸಿಕೊಂಡಿದ್ದಾರೆ. ಅರ್ಜಿಯನ್ನು ಸ್ವೀಕರಿಸಿ ಪರಿಶೀಲಿಸಿದಾಗ ಕೆಳಕಂಡ ನ್ಯೂನತೆಗಳು ಕಂಡುಬಂದವು. (ಅ) ಕಾರಣದ ಜಾಗದಲ್ಲಿ 'ಹೆಂಡತಿ ಕರೆದಳು' ಎಂದಷ್ಟೇ ಬರೆದಿದ್ದು, ಏಕೆ ಕರೆದರೆಂಬುದಕ್ಕೆ ಪುರಾವೆ ಲಗತ್ತಿಸಿಲ್ಲ. (ಆ) ಕಾಲುದಾರಿ ಇಲಾಖೆಯ ನಿರ್ದೇಶಕರು ಕಾಲುದಾರಿಯಲ್ಲಿ ನಡೆದ ಪೂರ್ವನಿದರ್ಶನ ಇಲ್ಲ. (ಇ) ಅರ್ಜಿದಾರರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದನ್ನು ಮಂಜೂರು ಮಾಡುವ ಅಧಿಕಾರಿಯು ಸ್ವತಃ ಕಂಡಿದ್ದಾರೆ. ಆದಕಾರಣ ಅರ್ಜಿಯನ್ನು ಆಕ್ಷೇಪಣೆಗಳೊಂದಿಗೆ ತಮಗೇ ಹಿಂದಿರುಗಿಸಿಕೊಂಡಿದ್ದು, ಅದು ಈಗ ಮೇಜಿನ ಬಲಗಡೆಯ ಕಡತದ ತಟ್ಟೆಯಿಂದ ಎಡಗಡೆಯ ತಟ್ಟೆಗೆ ತಲುಪಿದೆ. ಮೇಲ್ಮನವಿಯನ್ನು ಯಾರಿಗೆ ಸಲ್ಲಿಸಬೇಕೆಂದು ಸ್ಪಷ್ಟೀಕರಣ ಕೋರಲಾಗಿದೆ, ಅದೂ ತಮ್ಮನ್ನೇ.

೧೪. ಅಂತಿಮ ನೆನಪೋಲೆಗೆ ಉತ್ತರ: ಉಲ್ಲೇಖ ೩ರ ನೆನಪೋಲೆಯ ಪೂರ್ಣಪಾಠ ಹೀಗಿದೆ: 'ಬೆಳಿಗ್ಗೆ ಹೊರಡ್ತೀನಿ. ಬರೋದಾದ್ರೆ ಬನ್ನಿ. ಬರ್ದೇ ಇದ್ರೂ ಬೇಜಾರಿಲ್ಲ, ಗಿಡಕ್ಕೆ ನೀರು ಹಾಕ್ತಾ ಇರಿ.' ಇದರಲ್ಲಿನ 'ಬೇಜಾರಿಲ್ಲ' ಎಂಬ ಪದವನ್ನು ಕೆಳಸಹಿದಾರರು ಪದೇ ಪದೇ ಪರಿಶೀಲಿಸಿದ್ದಾರೆ. ಬೈದಿದ್ದರೆ ನಿಯಮಾನುಸಾರ ಸಮಜಾಯಿಷಿ ನೀಡಬಹುದಿತ್ತು. ಅತ್ತಿದ್ದರೆ ಸಮಿತಿ ರಚಿಸಬಹುದಿತ್ತು. ಬೇಜಾರಿಲ್ಲ ಎಂಬುದಕ್ಕೆ ಇಲಾಖೆಯಲ್ಲಿ ಯಾವ ನಮೂನೆಯೂ ಇಲ್ಲ. ಕೆಳಸಹಿದಾರರಿಗೆ ಬೆಟ್ಟದ ಭಯವಿಲ್ಲ, ನಾಯಿಯ ಭಯ ಸ್ವಲ್ಪ ಇದೆ. ನಿಜವಾದ ಭಯ ಬೇರೆಯೇ ಇದ್ದು, ಅದು ಅವರಿಲ್ಲದೆಯೂ ಆಕೆಯ ನಡಿಗೆ ಚೆನ್ನಾಗಿಯೇ ಆಗಿಬಿಟ್ಟೀತು ಎಂಬುದು. ಈ ಭಯ ಇರುವುದನ್ನು ಈ ಮೂಲಕ ದೃಢೀಕರಿಸಲಾಗಿದೆ. ಸದರಿ ಸಾಲನ್ನು ಅಂತಿಮ ಪ್ರತಿಯಲ್ಲಿ ಕೈಬಿಡುವಂತೆ ಅಧೀಕ್ಷಕರಿಗೆ ಸೂಚಿಸಲಾಗಿದೆ.

ಮೇಲಿನ ಕಾರಣಗಳಿಂದಾಗಿ, ಇಲಾಖೆಯು ಉಳಿದ ಮುಕ್ಕಾಲು ಭಾಗವನ್ನು ಪರಿಶೀಲಿಸಿ, ಅಳೆದು, ಸವರಿ, ಉದ್ಘಾಟಿಸುವವರೆಗೆ, ಯಾರೂ, ಯಾವ ಕಾರಣಕ್ಕೂ, ಎಷ್ಟೇ ವರ್ಷದಿಂದ ಕಾದಿದ್ದರೂ, ಸೈಕಲ್ ಸ್ಟ್ಯಾಂಡಿನ ಪಕ್ಕದ ಗೇಟನ್ನು ತೆರೆದು

ಅಧೀಕ್ಷಕರ ಷರಾ

ಮೇಲಿನ ವಾಕ್ಯ ಅಪೂರ್ಣವಾಗಿರುವುದಕ್ಕೆ ವಿವರಣೆ ನೀಡಬೇಕಾಗಿದೆ. ಈ ಸುತ್ತೋಲೆಯನ್ನು ನಿರ್ದೇಶಕರು ಕಿಟಕಿಯ ಬಳಿ ನಿಂತು ಹೇಳುತ್ತಿದ್ದರು, ನಾನು ಬೆರಳಚ್ಚು ಮಾಡುತ್ತಿದ್ದೆ. 'ಗೇಟನ್ನು ತೆರೆದು' ಎಂದು ಅವರು ಹೇಳುತ್ತಿರುವಾಗಲೇ ಕೆಳಗೆ ಅವರ ಮನೆಯವರು ಗೇಟನ್ನು ತೆರೆದರು. ಬೆನ್ನಿಗೆ ಚೀಲವಿತ್ತು. ಆಚೆ ಹೋಗಿ, ಗೇಟನ್ನು ಮತ್ತೆ ಹಾಕಿ, ಚಿಲಕ ಸರಿಯಾಗಿ ಬಿತ್ತೇ ಎಂದು ನೋಡಿ ಹೊರಟರು.

ನಿರ್ದೇಶಕರು, 'ಮೇಡಂ, ಅವಳು ಒಂದ್ಸಲ ಮೇಲೆ ಕೂಡ ನೋಡ್ಲಿಲ್ವಲ್ರೀ' ಎಂದರು. ಇಷ್ಟು ವರ್ಷದ ಸೇವೆಯಲ್ಲಿ ನಾನು ಮೇಲಧಿಕಾರಿಗೆ ಎದುರು ಮಾತಾಡಿದವಳಲ್ಲ. ಆದರೆ ನನಗೂ ಸಿಟ್ಟು ಬಂದಿತ್ತು. 'ನೋಡಿದ್ರೆ ಏನ್ ಮಾಡ್ತಿದ್ರಿ ಸಾರ್, ಇನ್ನೊಂದು ಷರತ್ತು ಹೇಳ್ತಿದ್ರಾ?' ಎಂದೆ. ಅವರು, 'ಉಳಿದದ್ದು ನೀವೇ ಬರ್ಕೊಳ್ಳಿ. ಸಹೀನೂ ನೀವೇ ಹಾಕಿ' ಎಂದು, ಹಿಂದಿರುಗಿಸಿಕೊಂಡಿದ್ದ ರಜೆ ಅರ್ಜಿಯನ್ನು ನನ್ನ ಕೈಗೆ ತುರುಕಿ, ಮೆಟ್ಟಿಲಿಳಿದು ಓಡಿದರು. ಕಾಲಲ್ಲಿ ಕಚೇರಿಯ ಬೂಟು, ಕಿವಿಯ ಮೇಲೆ ಪೆನ್ನು. ಚೀಲವಿಲ್ಲ, ದಿಂಬಿಲ್ಲ, ಮೊಹರು ಇಲ್ಲೇ ಇದೆ.

ಆ ಹೊತ್ತಿನಲ್ಲಿ ಸಿಬ್ಬಂದಿಯೆಲ್ಲ ಕಿಟಕಿಗಳಲ್ಲಿ ಸೇರಿದ್ದು ನಿಜ. ಅದನ್ನು ಕ್ಷೇತ್ರ ಪರಿಶೀಲನೆ ಎಂದು ಪರಿಗಣಿಸಲಾಗಿದೆ. ನಿರ್ದೇಶಕರು ಗೇಟಿನ ಚಿಲಕ ತೆಗೆಯಲು ಬಾರದೆ ಅದನ್ನು ಹತ್ತಿ ದಾಟಿದರು. ಬೇಲಿಯ ಪಕ್ಕದಲ್ಲಿ ಓಡುತ್ತ, 'ಏ, ಸ್ವಲ್ಪ ನಿಲ್ಲೇ, ನಾನೂ ಬರ್ತಿದೀನಿ ಕಣೇ' ಎಂದು ಕೂಗಿದ್ದು ಎರಡನೆಯ ಮಹಡಿಗೂ ಕೇಳಿಸಿತು. ಅವರ ಮನೆಯವರು ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ. ಆದರೆ ನಡಿಗೆಯನ್ನು ನಿಧಾನ ಮಾಡಿದರು. ನಾವೆಲ್ಲರೂ ಅದನ್ನು ಸ್ಪಷ್ಟವಾಗಿ ಕಂಡೆವು. ಲೆಕ್ಕಾಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು, ಧೂಳು ಎಂದು ತಿಳಿಸಿರುತ್ತಾರೆ.

ಆದ್ದರಿಂದ ಈ ಸುತ್ತೋಲೆಯನ್ನು ನಿಂತಲ್ಲಿಗೇ ನಿಲ್ಲಿಸಿ ಜಾರಿಗೊಳಿಸಲಾಗಿದೆ. ಖಂಡಿಕೆ ೧೪ರಲ್ಲಿ ಕೈಬಿಡಲು ಸೂಚಿಸಿದ್ದ ಸಾಲನ್ನು ಸಮಯದ ಅಭಾವದಿಂದ ಕೈಬಿಟ್ಟಿಲ್ಲ. ನಿರ್ದೇಶಕರ ರಜೆ ಅರ್ಜಿಯು ಮೂರೂ ನ್ಯೂನತೆಗಳೊಂದಿಗೆ ಮಂಜೂರಾಗಿದೆ. ಅವಧಿಯ ಜಾಗದಲ್ಲಿ 'ಎಷ್ಟು ದಿನ ಆಗುತ್ತೋ ಅಷ್ಟು ದಿನ' ಎಂದು ನಮೂದಿಸಲಾಗಿದೆ.

(ಸಹಿ)
ಅಧೀಕ್ಷಕಿ
ನಿರ್ದೇಶಕರ ಪರವಾಗಿ
(ನಿರ್ದೇಶಕರು ದಾರಿಯಲ್ಲಿದ್ದಾರೆ)

ಪ್ರತಿಗಳು:

೧. ಲೆಕ್ಕಪತ್ರ ಶಾಖೆ: ನಿರ್ದೇಶಕರು ಕಾಲು ಕಿತ್ತರು ಎಂಬುದನ್ನು ಕಾಲು ದಿನದ ಗೈರುಹಾಜರಿ ಎಂದು ಬರೆದುಕೊಳ್ಳದಿರುವ ಕೋರಿಕೆಯೊಂದಿಗೆ.
೨. ಪಶುಸಂಗೋಪನಾ ಇಲಾಖೆ: ನಿರ್ದೇಶಕರು ಗೇಟು ಹತ್ತುವಾಗ ಸ್ವಲ್ಪ ಹೊತ್ತು ನಾಲ್ಕು ಕಾಲಿನಲ್ಲಿದ್ದರು, ಮಾಹಿತಿಗಾಗಿ.
೩. ನಿರ್ದೇಶಕರ ಮಾವನವರು: ಅಭಿಪ್ರಾಯವನ್ನು ಮರುಪರಿಶೀಲಿಸಲು. ಗಿಡಗಳಿಗೆ ನೀರು ಹಾಕುವ ಹೆಚ್ಚುವರಿ ಪ್ರಭಾರವನ್ನೂ ತಮಗೇ ವಹಿಸಲಾಗಿದೆ.
೪. ದಾರಿಯುದ್ದಕ್ಕೂ ಇರುವ ಎಲ್ಲ ನಾಯಿಗಳು: ದಯವಿಟ್ಟು ಬೊಗಳುವುದು.
೫. ಆಚೆ ಗಡಿಯ ಠಾಣೆಯ ಅಧಿಕಾರಿಗಳು: ಕಚೇರಿ ಬೂಟಿನ ಒಬ್ಬರು, ಅವರಿಗಿಂತ ಮೊದಲೇ ಬಂದು ಕಾಯುತ್ತಿರುವ ಒಬ್ಬರು ಕಂಡಲ್ಲಿ ಕೂರಲು ಕುರ್ಚಿ ಕೊಡುವುದು.
೬. ಕಚೇರಿಯ ಸೂಚನಾ ಫಲಕ, ಕಡತ, ಹೆಚ್ಚುವರಿ.
೭. ನಿರ್ದೇಶಕರ ಧರ್ಮಪತ್ನಿಯವರು. ಅಡಕ: ನಿರ್ದೇಶಕರು, ಒಂದು. ಹಿಂದಿರುಗಿಸಲು ಅವಸರವಿಲ್ಲ.